ಹೊಸ್ತಿಲಿಲ್ಲದ ಕೋಣೆ

ದಾರ ಮೊಣಕಾಲಿಗೆ ತಾಗಿದಾಗ ಸುನಂದಾ ಕಣ್ಣು ತೆರೆಯಲಿಲ್ಲ. ಗಾಲಿಕುರ್ಚಿಯಲ್ಲಿ ತಲೆ ವಾಲಿಸಿ, ನಿದ್ದೆ ಹತ್ತಿದವಳ ಹಾಗೆ ಉಸಿರು ಬಿಡುತ್ತಿದ್ದಳು. ರೆಪ್ಪೆಯ ಸಂದಿನಲ್ಲಿ ಕಂಡದ್ದು ಇಷ್ಟು: ಗಂಡ ವೀರೇಶ ನೆಲಕ್ಕೆ ಕೂತಿದ್ದ. ಕೈಯಲ್ಲಿ ಮಗ್ಗದ ಹಾಸಿನ ನೂಲು. ಅಂಗಾಲಿನಿಂದ ಮೊಣಕಾಲಿಗೆ ಒಂದು ಅಳತೆ, ಗಂಟು. ಈ ಮೊಣಕೈಯಿಂದ ಆ ಮೊಣಕೈಗೆ, ಗಂಟು. ಕಾಲ ಹೆಬ್ಬೆರಳ ತುದಿಯಿಂದ ಬೆನ್ನ ಹಿಂದಿನವರೆಗೆ, ಇನ್ನೊಂದು ಗಂಟು.

ಮಟಮಟ ಮಧ್ಯಾಹ್ನ. ಗಾಜಿನ ಬಾಗಿಲ ತುಂಬ ಸಮುದ್ರ.

ಕೊರಳ ಲಿಂಗವನ್ನು ಹಿಡಿದುಕೊಳ್ಳಬೇಕೆಂದು ಅವಳ ಕೈ ತುಡಿಯಿತು. ತಡೆದುಕೊಂಡಳು. ಇಳಕಲ್ಲಿನ ಅವರ ಓಣಿಯಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿಯೇ ಮಣ್ಣಿಗೆ ಕೊಡುವುದು. ಕೂತ ಮೈಗೆ ಹೀಗೆ ದಾರ ಹಿಡಿಯುವುದು ಒಮ್ಮೆ ಮಾತ್ರ, ಕುಣಿಯ ಸಲುವಾಗಿ. ಬದುಕಿದ್ದವರಿಗೆ ಯಾರೂ ಹಿಡಿಯುವುದಿಲ್ಲ.

ಹಡಗು ಮುಂಬೈ ಬಿಟ್ಟು ಅದು ಎರಡನೆಯ ದಿನ. ಅಲ್ಲಿಯ ಸೀರೆ ವ್ಯಾಪಾರಿ ಸೇಠಜಿ, ತನಗೆ ಮಾಲು ಕಳಿಸುವ ನೇಕಾರರನ್ನು ಹೆಂಡಿರ ಸಮೇತ ನಾಲ್ಕು ದಿನ ಸಮುದ್ರ ಸುತ್ತಿಸಲು ಕರೆದಿದ್ದ. ವೀರೇಶ ಮೊದಲು ಒಲ್ಲೆನೆಂದಿದ್ದ. ಆಮೇಲೆ ಸೇಠಜಿ ಕಳಿಸಿದ ಬಣ್ಣದ ಪುಸ್ತಕದಲ್ಲಿ, ಗಾಲಿಕುರ್ಚಿಯವರಿಗೆಂದೇ ಹಡಗಿನಲ್ಲಿ ಮಾಡಿಸಿದ ಕೋಣೆಯ ಚಿತ್ರ ನೋಡಿದ. ಬಹಳ ಹೊತ್ತು ನೋಡಿದ. "ಕೊಡೂದಾದ್ರ ಇದಽ ಕೋಣಿ ಕೊಡ್ರಿ. ಇಲ್ಲಂದ್ರ ನಾವು ಬರಾಂಗಿಲ್ಲ," ಎಂದು ಫೋನಿನಲ್ಲಿ ಹಟ ಹಿಡಿದ.

ಒಳಗೆ ಬಂದ ಗಳಿಗೆಯಿಂದಲೇ ಆ ಕೋಣೆ ಸುನಂದಾಳಿಗೆ ಸೇರಿರಲಿಲ್ಲ. ಬಾಗಿಲಿಗೆ ಹೊಸ್ತಿಲಿರಲಿಲ್ಲ. ಬಚ್ಚಲಿಗೂ ಇಲ್ಲ, ಬಾಲ್ಕನಿಗೂ ಇಲ್ಲ. ಸೊಸೆಯಾಗಿ ಬಂದಂದಿನಿಂದ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಏರಿಸಿದ ಕೈ ಅವಳದು. ಎರಡು ವರ್ಷದ ಹಿಂದೆ ಗುಡೂರಿನ ಹತ್ತಿರ ಟೆಂಪೊ ಪಲ್ಟಿಯಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಮೇಲೂ ಗಂಡನ ಕೈಯಿಂದ ನೆಲಕ್ಕೆ ಇಳಿಸಿಕೊಂಡು ಆ ಪೂಜೆ ನಡೆಸಿದ್ದಳು.

"ಹೊಸ್ತಿಲಾ ಇಲ್ಲದ್ದು ಮನಿ ಹೆಂಗಾದೀತ್ರಿ? ಏನು ಬೇಕಾದ್ದು ಒಳಗ ಬರತೈತಿ," ಎಂದಿದ್ದಳು.

"ಹೊರಗೂ ಹೋಗತೈತಿ," ಎಂದ ವೀರೇಶ. ನಗಲಿಲ್ಲ.

ನಿನ್ನೆ ಅವನು ಬಚ್ಚಲ ಬಾಗಿಲು ಹಾಕಿಕೊಂಡು ಅರ್ಧ ತಾಸು ಹೊರಗೆ ಬಂದಿರಲಿಲ್ಲ. ಇವತ್ತು ಮುಂಜಾನೆ ಬಾಲ್ಕನಿಯ ಕಂಬಿಗೆ ದಾರ ಹಿಡಿದು, ನೆಲದಿಂದ ಅದರ ಎತ್ತರ ನೋಡಿದ. ನೋಡಿ, ತಿರುಗಿ ಅವಳತ್ತ ನೋಡಿದ. ಕಂಬಿಯ ಆಚೆ ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಅತ್ತೆ ಮುತ್ತವ್ವ ಹಿಂದೊಮ್ಮೆ ಅಡುಗೆಮನೆಯಲ್ಲಿ ಮಗನಿಗೆ ಹೇಳಿದ ಮಾತು ಸುನಂದಾಳಿಗೆ ನೆನಪಾಗಿತ್ತು. "ಎಷ್ಟು ದಿನಾ ಹಿಂಗ ಹೊತಗೊಂಡು ತಿರಗತೀಯೋ ತಮ್ಮಾ? ಏನರ ಒಂದು ಹಾದಿ ಮಾಡು."

ಫೋನು ಬಡಿದುಕೊಂಡಿತು. ಗೋವಾದ ದಂಡೆ ಹತ್ತಿರವಾಗಿ ಮೊಬೈಲಿಗೆ ಜೀವ ಬಂದಿತ್ತು. ವೀರೇಶ ದನಿ ತಗ್ಗಿಸಿದ.

"ಹೇಳೋ ಕಲ್ಲಪ್ಪ. ಹೂಂ, ಅಳತಿ ಎಲ್ಲಾ ಸಿಕ್ಕಾವ. ನಾವು ಬರೂದರೊಳಗ ಅಗದು ಮುಗಸು. ಅವ್ವಗ ಗೊತ್ತೈತಿ. ಇಕಿಗೆ ಹೇಳಿಲ್ಲ, ಹೇಳಿದ್ರ ಬಿಡ್ತಾಳೇನು? ಆತು, ಸ್ವಲ್ಪ ತಡದು ಮತ್ತ ಮಾಡು."

ಕಲ್ಲಪ್ಪ ಕಲ್ಲು ಕೆಲಸದವನು. ಓಣಿಯಲ್ಲಿ ಯಾರು ಹೋದರೂ ಕುಣಿ ತೋಡುವವನೂ ಅವನೇ.

ವೀರೇಶ ದಾರಗಳನ್ನು ಉಂಡೆ ಸುತ್ತಿ ಮಂಚದ ಮೇಲಿಟ್ಟ. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.

ಸುನಂದಾ ಕಣ್ಣು ತೆರೆದಳು. ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬಸವಣ್ಣನನ್ನು ನೆನೆದಳು. ಅಳತೆ ಅವನ ಕೈಯಲ್ಲಿರುವ ತನಕ ತನ್ನ ಜೀವವೂ ಅವನ ಕೈಯಲ್ಲಿ ಎನಿಸಿತು. ಗಾಲಿಗೆ ಕೈ ಹಚ್ಚಿದಳು. ಕುರ್ಚಿ ಮುಂದೆ ಸರಿಯಿತು. ಮಂಚಕ್ಕೆ ಹೋಗಿ ಉಂಡೆ ಎತ್ತಿಕೊಂಡಳು. ಗಾಜಿನ ಬಾಗಿಲು ಸರಿಸಿ ಬಾಲ್ಕನಿಗೆ ಹೋದಳು. ಎಲ್ಲೂ ತಡೆಯಲಿಲ್ಲ. ಕಂಬಿಯ ಮೇಲಿಂದ ಎಸೆದಳು. ಬಿಳಿ ನೂಲು ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ನೀರು ಸೇರಿತು.

"ಇಲ್ಲಿ ದಾರ ಇಟ್ಟಿದ್ದೆ."

ವೀರೇಶ ಹಿಂದೆ ನಿಂತಿದ್ದ. ಎರಡೂ ಕೈಯಲ್ಲಿ ಚಹಾ.

"ಸಮುದ್ರದಾಗ ಅದಾವ. ಹೋಗಿ ತಗೊಳ್ರಿ." ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಜೀವ ಇದ್ದಾಕಿ ಅಳತಿ ತಗೀಬಾರದ್ರಿ. ನಾ ಇನ್ನೂ ಸತ್ತಿಲ್ಲ."

ಅವನು ಒಂದು ಹೆಜ್ಜೆ ಮುಂದೆ ಬಂದ. "ಎಚ್ಚರ ಇದ್ದಿಯೇನು? ನೀ ಅಂಜತೀ ಅಂತ ನಿದ್ದಿಯೊಳಗ ತಗದೆ."

"ಹತ್ರ ಬರಬ್ಯಾಡ್ರಿ. ಒದರತೇನಿ."

ಅವನು ನಿಂತಲ್ಲೇ ನಿಂತ. ಅವನ ನೋಟ ಮಂಚಕ್ಕೆ ಹೋಯಿತು. ಅಲ್ಲಿಂದ ಸಾವಕಾಶ ನೆಲ ಹಿಡಿದು ಬಂದು ಅವಳ ಗಾಲಿಗಳ ಮೇಲೆ ನಿಂತಿತು.

"ಅಲ್ಲಿಂದ ಇಲ್ಲಿ ತನಕ ಯಾರು ಎತ್ತಿ ತಂದ್ರು?"

"ಯಾರಿಲ್ಲ. ನಾನಽ ಬಂದೆ."

ಆಡಿದ ಮೇಲೆ ಆ ಮಾತು ಅವಳ ಕಿವಿಗೂ ಬಿತ್ತು. ಎರಡು ವರ್ಷದಿಂದ ಅವಳ ಬಾಯಲ್ಲಿ ಬಂದಿರದ ಮಾತು.

ಮತ್ತೆ ಫೋನು ಬಂತು. ವೀರೇಶ ಚಹಾ ಕೆಳಗಿಟ್ಟು, ಕೇಳಿಸಿಕೊಂಡು, ಫೋನಿನ ಬಾಯಿಗೆ ಅಂಗೈ ಮುಚ್ಚಿದ. ಅಷ್ಟು ದೂರದಲ್ಲೇ ಕುಕ್ಕರಗಾಲಲ್ಲಿ ಕೂತ.

"ಕಲ್ಲಪ್ಪ ನಮ್ಮ ಮನಿ ಮೂರೂ ಹೊಸ್ತಿಲಾ ಅಗದು ತಗದಾನಂತ, ಈ ಕೋಣಿ ಹಾಂಗ ನಿನ್ನ ಕುರ್ಚಿ ಹಾಯಾಕ ಬಾಗಲಾ ಎಷ್ಟು ಅಗಲ, ನೀ ಹಿಡಿಯಾಕ ಕಂಬಿ ಎಷ್ಟು ಎತ್ತರ ಮಾಡ್ಲಿ ಅಂತ ಕೇಳಾಕತ್ತಾನ. ದಾರ ನೀರಿಗೆ ಹಾಕಿದಾಕಿ ನೀನು, ಈಗ ನೀನಽ ಹೇಳು."