ಬಳ್ಳಿಯಲ್ಲಿ ಮೊದಲ ಹೆಸರು

ನಾದಿನಿಯ ಮದುವೆಯ ಮಾತುಕತೆಗೆ ಬಂದಿದ್ದ ಗಂಡಿನ ಸೋದರಮಾವ ಅವಲಕ್ಕಿ ತಿಂದು ಕೈ ತೊಳೆದು, ಮೊದಲು ನಮ್ಮ ಕುಲದ ಬೆಡಗು ಯಾವುದೆಂದು ಕೇಳಿದರು. ಆಮೇಲೆ, "ಇನ್ನ ವೈರಸ್ಸಿನ ಬಳ್ಳಿ ತೋರಸ್ರಿ" ಎಂದರು.

ಪಹಣಿಯಂತೆ ಅದೂ ಈಗ ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿದೆ. ಎಚ್‌ಐವಿ ಸಂಶೋಧನೆಗೆಂದು ಪಡೆದ ನಮ್ಮ ರಕ್ತದ ವೈರಸ್ಸುಗಳನ್ನು, ಯಾವುದು ಯಾವುದಕ್ಕೆ ಹತ್ತಿರವೆಂದು ವಂಶವೃಕ್ಷದಂತೆ ಜೋಡಿಸಿದ ಬಳ್ಳಿ; ಪಕ್ಕದಲ್ಲಿ ಹೆಸರು, ತಾರೀಖು. ಮೊಬೈಲಿನಲ್ಲಿ ನಾನೂ ನನ್ನ ಗಂಡನೂ ಒಂದೇ ಟಿಸಿಲಿನ ಎರಡು ಎಲೆಗಳು. ನನ್ನ ತಾರೀಖು ಮೊದಲಿನದು.

"ನೋಡ್ರಿ, ನಮ್ಮ ಮನಿತನದ್ದಲ್ಲ ಇದು. ಸೊಸಿ ತಂದು ನನ್ನ ಮಗಗ ಹಚ್ಯಾಳ," ಎಂದರು ಅತ್ತೆ. "ನಾಳೆ ಆಕಿನ್ನ ತವರಿಗೆ ಕಳಸ್ತೀವಿ. ಮೊಮ್ಮಗಳು ಇಲ್ಲೇ ಇರ್ತಾಳ."

ಗಂಡ ತಟ್ಟೆಯಲ್ಲಿ ಉಳಿದ ಶೇಂಗಾ ಹೆಕ್ಕುತ್ತ ಕೂತಿದ್ದರು. ಬಸುರಿಯಾದಾಗ ಆಸ್ಪತ್ರೆಯಲ್ಲಿ ನನ್ನ ರಕ್ತ ಪರೀಕ್ಷಿಸಿದರು. ನೀವೂ ಮಾಡಿಸಿಕೊಳ್ಳಿ ಎಂದು ಇವರನ್ನು ಒಪ್ಪಿಸಲು ಒಂದು ವರ್ಷ ಅತ್ತಿದ್ದೆ. ಬಳ್ಳಿಯಲ್ಲಿರುವುದು ರಕ್ತ ಕೊಟ್ಟ ತಾರೀಖು, ರೋಗ ಬಂದ ತಾರೀಖಲ್ಲ. ಇವರಿಗೆ ಅದು ಗೊತ್ತಿತ್ತು.

"ಅತ್ತಿ, ಮನ್ಯಾಗ ಕಳವಾಗೇತಿ ಅಂತ ಮೊದಲ ಕೂಗಿದಾಕಿನೇ ಕಳ್ಳಿ ಏನ್ರಿ?" ಎಂದೆ. ಅತ್ತೆ ಬಾಯಿ ತೆರೆಯುವ ಮೊದಲೇ ಸೋದರಮಾವನ ಕಡೆ ತಿರುಗಿದೆ. "ಮಾವಾರ, ನನ್ನ ಮಗಳ ಹೆಸರ ಹುಡಕ್ರಿ."

ಅವರು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. "ಬಳ್ಳ್ಯಾಗ ಇಲ್ಲಲ್ಲ, ಯವ್ವಾ."

"ನಾ ಮೊದಲ ರಕ್ತ ಕೊಟ್ಟು, ಬಸುರಿದ್ದಾಗಿಂದ ಗುಳಿಗಿ ನುಂಗೀನಿ, ಅದಕ್ಕ ಆಕಿಗೆ ರೋಗ ಹತ್ತಿಲ್ಲ. ಇವರ ದಾರಿ ಕಾದಿದ್ರ ಆಕಿನೂ ಅಲ್ಲೇ ಇರ್ತಿದ್ಳು," ಎಂದು ಮಗಳನ್ನು ಎತ್ತಿಕೊಂಡೆ. "ನಾಳೆ ಯಾಕ್ರಿ ಅತ್ತಿ? ಈಗ ಹೊಂಟೀವಿ, ಇಬ್ಬರೂ."