ಓದು ಬಲ್ಲವನಿಗೆ ಗಲ್ಲಿಲ್ಲ

ಆರುನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಂದು ಘನವಾದ ಕಾನೂನಿತ್ತು. ಲ್ಯಾಟಿನ್ ಓದಬಲ್ಲವನು ಚರ್ಚಿಗೆ ಸೇರಿದವನು. ಅವನು ಏನೇ ಮಾಡಿರಲಿ, ರಾಜನ ನ್ಯಾಯಾಧೀಶರು ಗಲ್ಲಿಗೇರಿಸುವಂತಿಲ್ಲ. ಓದು ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಬಿಷಪ್ಪರು ತಮ್ಮ ಕಡೆಯ ಒಬ್ಬ ಡೊಳ್ಳುಹೊಟ್ಟೆಯ ಪಾದ್ರಿಯನ್ನು ಕಳಿಸುತ್ತಿದ್ದರು. ಪರೀಕ್ಷೆಗೆ ಯಾವಾಗಲೂ ಒಂದೇ ಶ್ಲೋಕ, ದೇವರ ಕರುಣೆ ಬೇಡುವಂಥದ್ದು.

ಒಂದು ದಿನ ಪರೀಕ್ಷೆಗೆ ಮೊದಲು ಬಂದವನು ಇಬ್ಬರನ್ನು ಕೊಂದ ದರೋಡೆಕೋರ. ಪಾದ್ರಿ ಗ್ರಂಥವನ್ನು ತೆರೆದು ಹಿಡಿದರು. ಸೆರೆಮನೆಯಲ್ಲಿ ಉರು ಹೊಡೆದಿದ್ದ ಶ್ಲೋಕವನ್ನು ಅವನು ಕಣ್ಣು ಮುಚ್ಚಿಕೊಂಡೇ ಒಪ್ಪಿಸಿದ.

"ಓದ್ತಾನೆ, ಸೊಗಸಾಗಿ ಓದ್ತಾನೆ," ಎಂದರು ಪಾದ್ರಿ. ಅವನ ಕುತ್ತಿಗೆ ಉಳಿಯಿತು.

ಎರಡನೆಯವನು ಗ್ರಂಥಗಳನ್ನು ನಕಲು ಮಾಡಿ ಬದುಕುತ್ತಿದ್ದವನು. ಹಸಿವು ತಾಳದೆ ಒಂದು ಕುರಿ ಕದ್ದಿದ್ದ. ಪಾದ್ರಿ ಅದೇ ಪುಟವನ್ನು ಅವನ ಮುಂದೆಯೂ ಹಿಡಿದರು. ಅವನು ಎಲ್ಲೂ ತಡವರಿಸದೆ ಓದಿದ.

ಪಾದ್ರಿ ಹುಬ್ಬು ಗಂಟಿಕ್ಕಿದರು. "ಏನಯ್ಯಾ ಇದು? ಶ್ಲೋಕ ಓದು ಅಂದ್ರೆ ಇನ್ನೇನೋ ಹೇಳ್ತೀಯಲ್ಲ!"

"ಸ್ವಾಮಿ, ತಾವು ತೆಗೆದಿರೋ ಪುಟದಲ್ಲಿ ಆ ಶ್ಲೋಕ ಇಲ್ಲ. ಪಾದ್ರಿಗಳು ಯಾವ್ಯಾವಾಗ ಉಪವಾಸ ಇರಬೇಕು ಅಂತ ಬರೆದಿದೆ. ಪುಟ ತಿರುಗಿಸಿ, ಅದನ್ನೂ ಓದ್ತೀನಿ."

ನ್ಯಾಯಾಧೀಶರು ಪಾದ್ರಿಯ ಕಡೆ ತಿರುಗಿದರು. "ಏನಂತೀರಿ, ಫಾದರ್?"

ಪಾದ್ರಿ ಪುಟವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಉಲ್ಟಾ ಹಿಡಿದೂ ನೋಡಿದರು. ಆಮೇಲೆ ಗ್ರಂಥವನ್ನು ಮುಚ್ಚಿದರು.

"ಇವನಿಗೆ ಓದಿನ ಗಂಧವೇ ಇಲ್ಲ. ಗಲ್ಲಿಗೆ ಹಾಕಿ."