ಅಜ್ಜಿಯ ಕೋರೆಹಲ್ಲು

ಹಲ್ಲು ಕೀಳಿಸಿದರೆ ಅಜ್ಜಿಯ ಕಣ್ಣು ಹೋಗಬಹುದಿತ್ತು, ರಕ್ತ ನಿಲ್ಲದೇ ಇರಬಹುದಿತ್ತು, ಜೋಮು ಹಿಡಿದ ತುಟಿ ಹಾಗೇ ಉಳಿಯಬಹುದಿತ್ತು, ನಮ್ಮೂರು ಕಲ್ಲೂರಿನ ಬಸ್ಸೂ ತಪ್ಪಬಹುದಿತ್ತು. ಈಗ ನಾನು ನೋವಿಲ್ಲದಿದ್ದರೂ ಅಂಜಿಕೊಂಡೇ ರಾಯಚೂರಿನಲ್ಲಿ ಆರು ತಿಂಗಳಿಗೊಮ್ಮೆ ಹಲ್ಲು ಸ್ವಚ್ಛ ಮಾಡಿಸಲು ಕೂತಾಗ, ಲವಂಗದೆಣ್ಣೆಯ ವಾಸನೆಗೆ ಮಾನ್ವಿಯ ಹಲ್ಲಿನ ಡಾಕ್ಟರ ಬಳಿ ಕಳೆದ ಆ ಮಧ್ಯಾಹ್ನ ನೆನಪಾಗುತ್ತದೆ.

ಮೇಲಿನ ಕೋರೆಹಲ್ಲು ಕಿತ್ತರೆ ಕಣ್ಣೇ ಹೋಗುತ್ತದೆಂದು ಓಣಿಯವರೆಲ್ಲ ಹೆದರಿಸಿದ್ದರು. ಅಜ್ಜಿ ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವವಳು. ಡಾಕ್ಟರ ಮುಂದೆ ಅವಳ ಪಕ್ಕ ಕೂತ ಚಿಕ್ಕ ಹುಡುಗ ನಾನು, ಗಲ್ಲ ಹಿಡಿದುಕೊಂಡು ಅಳುತ್ತಿದ್ದೆ.

“ಹಲ್ಲು ಯಾರ್ದು ಕೀಳ್ಬೇಕ್ರಿ?” ಎಂದರು ಡಾಕ್ಟರು.

“ನಂದರೀ. ಅಳೂದಷ್ಟ ಅವಂದು,” ಎಂದಳು ಅಜ್ಜಿ.

ಹುಳುಕು ಹಲ್ಲು ಸಲೀಸಾಗಿ ಬಂತು. ಸಂಜೆ ಮನೆಯಲ್ಲಿ ಅಜ್ಜಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, “ನೋಡಲೇ, ಕಣ್ಣು ಅದಾವು!” ಎಂದಳು. ಕೌದಿಗೆ ಒಂದು ಸಾಲು ಹೊಲಿಗೆ ಹಾಕಿ, ದಾರ ಕಡಿಯಲೆಂದು ರೂಢಿಯಂತೆ ಬಾಯಿಗಿಟ್ಟಳು. ಕಡಿಯುವ ಹಲ್ಲು ಮಾನ್ವಿಯಲ್ಲೇ ಉಳಿದಿತ್ತು.